ಯಕೃತ್ತಿನ ಲೆಕ್ಕ

ಜಯನಗರ, ಬನಶಂಕರಿಗಳ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ನಡೆದಾಡುವವರ ಮಾತು ಈಗೀಗ ರಕ್ತಪರೀಕ್ಷೆಯ ಅಂಕಿಗಳ ಕಡೆಗೆ ತಿರುಗಿದೆ. ಸಕ್ಕರೆಯ ಅಂಕಿ ಎಲ್ಲರಿಗೂ ಪರಿಚಿತವಾದುದು. ಅದೇ ಕಾಗದದಲ್ಲಿ ಎಸ್‌.ಜಿ.ಪಿ.ಟಿ., ಎಸ್‌.ಜಿ.ಒ.ಟಿ. ಎಂಬ ಹೆಸರುಗಳ ಮುಂದೆ ದಪ್ಪಕ್ಷರದ ಅಂಕಿಯೊಂದು ಕಂಡರೆ ಮಾತ್ರ ಧೈರ್ಯವಂತರೂ ಎದೆಗುಂದುವರು. ಕೆಲವರು ಸೇವಿಸುತ್ತಿದ್ದ ಔಷಧವನ್ನು ತಾವಾಗಿಯೇ ನಿಲ್ಲಿಸುವರು. ಕೆಲವರು ಕಷಾಯಕ್ಕೆ ಶರಣಾಗುವರು. ಎರಡರಲ್ಲಿಯೂ ಅಪಾಯವುಂಟು. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡಲು ಬಯಸಿದ್ದೇವೆ.

ಯಕೃತ್ ಎಂಬುದು ಬಹು ಪ್ರಾಚೀನವಾದ ಶಬ್ದ. ಲ್ಯಾಟಿನ್ ಭಾಷೆಯ ಯೇಕುರ್ ಎಂಬುದು ಅದರ ಒಡಹುಟ್ಟು. ಚರಕ ಸುಶ್ರುತರಿಬ್ಬರೂ ರಕ್ತವಹ ಸ್ರೋತಸ್ಸುಗಳ ಮೂಲವನ್ನು ಯಕೃತ್ ಪ್ಲೀಹಗಳಲ್ಲಿಯೇ ಕಂಡರು. ಬಲಪಕ್ಕೆಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗವು ಪಿತ್ತವನ್ನು ಸ್ರವಿಸುವುದು, ಸಕ್ಕರೆಯನ್ನು ಕೂಡಿಡುವುದು, ಔಷಧಗಳನ್ನೂ ವಿಷಗಳನ್ನೂ ಪಳಗಿಸುವುದು. ಮೇಲೆ ಹೇಳಿದ ಎರಡು ವಸ್ತುಗಳೂ ಕಿಣ್ವಗಳು. ಜೀವಕೋಶದ ಒಳಗಿದ್ದು ಕೆಲಸಮಾಡತಕ್ಕವು. ಕೋಶವು ನೊಂದಾಗ ಅವು ರಕ್ತಕ್ಕೆ ಸೋರುವುವು. ಕೊಡ ಸೋರುತ್ತಿದೆಯೆಂದು ಅವು ಹೇಳಬಲ್ಲುವೇ ಹೊರತು, ಕೊಡದಲ್ಲಿ ಎಷ್ಟು ನೀರು ಉಳಿದಿದೆಯೆಂದು ಹೇಳಲಾರವು. ಯಕೃತ್ತಿನ ಶಕ್ತಿಯನ್ನು ತಿಳಿಯಲು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಕಾಲ ಇವುಗಳನ್ನು ನೋಡಬೇಕು. ಯಕೃತ್ತು ಗಡುಸಾಗಿ ಕೆಟ್ಟಮೇಲೆಯೂ ಕಿಣ್ವಗಳ ಅಂಕಿ ಸಹಜವಾಗಿರುವುದುಂಟು. ಇದಕ್ಕೆ ವಿರುದ್ಧವಾಗಿ, ಎಸ್‌.ಜಿ.ಒ.ಟಿ.ಯು ಮಾಂಸಖಂಡಗಳಲ್ಲಿಯೂ ಹೃದಯದಲ್ಲಿಯೂ ವಾಸಿಸುವುದರಿಂದ, ನಿನ್ನೆ ಮೊನ್ನೆ ಭಾರವೆತ್ತಲು ತೊಡಗಿದ ತರುಣನ ರಕ್ತದಲ್ಲಿ ಯಕೃತ್ತಿನ ದೋಷವಿಲ್ಲದೆಯೇ ಅದು ಏರಬಹುದು.

ಏರಿಕೆಗೆ ಕಾರಣಗಳು ಹಲವು: ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು, ಔಷಧಗಳು. ಆದರೆ ನಮ್ಮ ಬಡಾವಣೆಗಳ ಕುಳಿತು ದುಡಿಯುವ ಜನರಲ್ಲಿ ಹೆಚ್ಚಾಗಿ ಕಾಣುವುದು ಯಕೃತ್ತಿನಲ್ಲಿ ಕೊಬ್ಬು ತುಂಬುವ ವ್ಯಾಧಿ. ಇದು ಮದ್ಯವನ್ನು ಮೂಸಿಯೂ ನೋಡದವರಿಗೆ ಬರುವುದು; ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಬರುವುದು. 2021ರಲ್ಲಿ ಭಾರತ ಸರಕಾರವು ಇದನ್ನು ಮಧುಮೇಹಾದಿಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು.

ಜಯನಗರದಲ್ಲಿ ನಮ್ಮ ನೆರೆಯ ಗೃಹಸ್ಥರೊಬ್ಬರಿಗೆ ಐವತ್ತಾರು ವಯಸ್ಸು. ತೂಕ 74 ಕಿಲೋ. ಪಿ.ಟಿ. 64, ಒ.ಟಿ. 40 ಎಂದು ಬಂದ ಕಾಗದವನ್ನು ಹಿಡಿದು, “ಮೇಷ್ಟ್ರೇ, ಇನ್ನು ನನ್ನ ಕಥೆ ಮುಗಿಯಿತೆ?” ಎಂದರು. “ರಾಯರೇ, ವೈದ್ಯರು ಹಾಕುವ ಲೆಕ್ಕವೊಂದಿದೆ, ಹಾಕಿ ನೋಡೋಣ” ಎಂದೆವು. ವಯಸ್ಸನ್ನು ಒ.ಟಿ.ಯಿಂದ ಗುಣಿಸಿದರೆ 2240. ಅವರ ಪ್ಲೇಟ್‌ಲೆಟ್ ಎರಡೂವರೆ ಲಕ್ಷ, ಸಾವಿರಗಳಲ್ಲಿ 250. ಇದನ್ನು ಪಿ.ಟಿ.ಯ ವರ್ಗಮೂಲವಾದ 8ರಿಂದ ಗುಣಿಸಿದರೆ 2000. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.12. ಫಿಬ್-4 ಎಂಬ ಈ ಲೆಕ್ಕದಲ್ಲಿ ಫಲವು 1.3ಕ್ಕಿಂತ ಕಡಮೆಯಿದ್ದರೆ ಯಕೃತ್ತು ಬಹಳ ಗಡುಸಾಗಿರುವ ಸಂಭವ ಅಲ್ಪ. ಅರವತ್ತೈದು ದಾಟಿದವರಿಗೆ 2 ಎಂಬುದು ಮೇರೆ. ಲೆಕ್ಕವು ವೈದ್ಯರಿಗೆ ಬದಲಲ್ಲವಾದುದರಿಂದ ಅವರನ್ನು ವೈದ್ಯರಲ್ಲಿಗೇ ಕಳುಹಿದೆವು. ವೈರಸ್ಸಿಲ್ಲ, ಕೊಬ್ಬುಂಟು ಎಂದು ನಿರ್ಣಯವಾಯಿತು. ರಾತ್ರಿಯ ಅನ್ನ ಅರ್ಧವಾಯಿತು, ಗಾಂಧಿಬಜಾರಿನ ಸಿಹಿತಿಂಡಿ ನಿಂತಿತು, ನಿತ್ಯವೂ ಮುಕ್ಕಾಲು ಗಂಟೆ ಬಿರುನಡೆ ಮೊದಲಾಯಿತು. ಐದು ತಿಂಗಳಿಗೆ ತೂಕ 69ಕ್ಕಿಳಿಯಿತು; ಪಿ.ಟಿ. 38 ಆಯಿತು. ದೇಹದ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಮೆಲ್ಲಗೆ ಇಳಿದರೆ ಯಕೃತ್ತಿನ ಉರಿಯೂತವೂ ತಗ್ಗುವುದೆಂಬುದು ತಜ್ಞರ ಮತ. ಕಾಫಿಯನ್ನು ಬಿಡಬೇಕಾಗಿ ಬರಲಿಲ್ಲ, ಸಕ್ಕರೆಯನ್ನು ಬಿಟ್ಟರು. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ರೋಗ ಕಡಮೆಯೆಂದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಬೆಂಗಳೂರಿಗರಿಗೆ ಇದಕ್ಕಿಂತ ಪ್ರಿಯವಾದ ವಾರ್ತೆ ಬೇರೊಂದಿರಲಾರದು.

ಕಷಾಯದ ವಿಷಯದಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ಆಯುರ್ವೇದದಲ್ಲಿ ನಮಗಿರುವ ಗೌರವ ಚಿಕ್ಕದಲ್ಲ. ಆದರೂ ಕೋವಿಡ್ಡಿನ ಕಾಲದಲ್ಲಿ ಮನೆಮನೆಯಲ್ಲಿಯೂ ಅಮೃತಬಳ್ಳಿಯನ್ನು ಅಳತೆಯಿಲ್ಲದೆ ತಿಂಗಳುಗಟ್ಟಲೆ ಕುದಿಸಿ ಕುಡಿದುದು ಶಾಸ್ತ್ರವಲ್ಲ. 2021ರಲ್ಲಿ ಮುಂಬಯಿಯ ವೈದ್ಯರು ಆ ಬಳ್ಳಿಯನ್ನು ಸೇವಿಸಿ ಯಕೃತ್ತು ಕೆಟ್ಟ ಆರು ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಆಯುಷ್ ಮಂತ್ರಾಲಯವು ಅದನ್ನು ಆಕ್ಷೇಪಿಸಿತು. ಹೋಲುವ ಬೇರೆ ಬಳ್ಳಿಯಿರಬಹುದೆಂಬ ಮಾತೂ ಬಂದಿತು. ಬೇರೆ ಬಳ್ಳಿಯಾಗಿದ್ದರಂತೂ ಗುರುತರಿಯದೆ ಕುಡಿಯುವುದು ಇನ್ನೂ ಭಯಂಕರವಲ್ಲವೆ? ಸೇವಿಸುವುದನ್ನೆಲ್ಲ, ಬೇರು ಪುಡಿಗಳನ್ನೂ ಸೇರಿಸಿ, ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸತಕ್ಕುದು.

ಕೊಲೆಸ್ಟರಾಲಿನ ಮಾತ್ರೆಯನ್ನಾಗಲಿ, ಕ್ಷಯದ ಔಷಧವನ್ನಾಗಲಿ ಅಂಕಿಯನ್ನು ಕಂಡೊಡನೆ ತಾವೇ ನಿಲ್ಲಿಸಕೂಡದು. ಮೊದಲನೆಯದರ ಅಲ್ಪ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಸಹಿಸುವರು. ಕ್ಷಯದ ಔಷಧಗಳು ಯಕೃತ್ತನ್ನು ನಿಜವಾಗಿಯೂ ಕೆಡಿಸಬಲ್ಲವು. ಆದರೆ ಯಾವುದನ್ನು, ಎಂದು ನಿಲ್ಲಿಸಿ ಎಂದು ಮರಳಿ ಕೊಡಬೇಕೆಂಬುದು ಅವರ ಕೆಲಸ. ಆ ಔಷಧ ಸೇವಿಸುವವರಿಗೆ ವಾಂತಿಯಾದರೆ, ಅನ್ನ ಸೇರದಿದ್ದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮುಂದಿನ ಗುಳಿಗೆಗೆ ಮೊದಲೇ ವೈದ್ಯರನ್ನು ಕಾಣಬೇಕು. ಯಾರಿಗೇ ಆಗಲಿ ಕಣ್ಣು ಹಳದಿಯಾಗಿ ಮಾತು ತೊದಲಿ ಮಂಕು ಕವಿದರೆ, ಕಾಮಾಲೆಗೆ ನಾಟಿಮದ್ದು ಹುಡುಕುತ್ತ ಕೂಡದೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.