ಮನೆಯ ಚಿತ್ರಮಂದಿರ: ಕೊಳ್ಳಬೇಕಾದುದು ವಾಟನ್ನೋ, ಧ್ವನಿಯನ್ನೋ?

ರಾತ್ರಿಯ ಊಟ ಮುಗಿಸಿ ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತು ಚಲನಚಿತ್ರವೊಂದನ್ನು ನೋಡುತ್ತಿರುವರೆಂದು ಭಾವಿಸೋಣ. ಪಾತ್ರಗಳು ಮೆಲುದನಿಯಲ್ಲಿ ಮಾತನಾಡುತ್ತಿವೆ. “ಏನಂದ? ಏನಂದ?” ಎಂದು ಅಜ್ಜಿ ಕೇಳುತ್ತಾರೆ. ನಾವು ಧ್ವನಿಯನ್ನು ಏರಿಸುತ್ತೇವೆ. ಮರುಕ್ಷಣವೇ ತೆರೆಯ ಮೇಲೆ ಕಾರೊಂದು ಸಿಡಿಯುತ್ತದೆ. ತೊಟ್ಟಿಲ ಮಗು ಬೆಚ್ಚಿ ಅಳತೊಡಗುತ್ತದೆ. ಈ ತೊಂದರೆಯಿಂದ ಪಾರಾಗಬೇಕೆಂದು, ಸ್ಪೀಕರುಗಳನ್ನೂ ಅವನ್ನು ನಡೆಸುವ ರಿಸೀವರನ್ನೂ ಕೊಳ್ಳಲು ಅಂಗಡಿಗೆ ಹೋದರೆ, ಪೆಟ್ಟಿಗೆಗಳ ಮೇಲೆ ಸಾವಿರಾರು ವಾಟ್‌ಗಳ ಅಂಕೆಗಳು ನಮ್ಮನ್ನು ಎದುರುಗೊಳ್ಳುತ್ತವೆ. ಕೂಡಿಟ್ಟ ಹಣವೋ ಸ್ವಲ್ಪ. ಅದನ್ನು ಯಾವುದಕ್ಕೆ ವೆಚ್ಚ ಮಾಡಬೇಕು? ಈ ಪ್ರಶ್ನೆಗೆ ಉತ್ತರವನ್ನು ಪೆಟ್ಟಿಗೆಯ ಮೇಲಿನ ಅಂಕೆಯಿಂದಲ್ಲ, ಭೌತವಿಜ್ಞಾನದಿಂದ ಪಡೆಯುವುದು ಲೇಸು.

ಮೊದಲು ಸ್ಪೀಕರಿನ ಕೆಲಸವನ್ನು ನೋಡೋಣ. ಅಯಸ್ಕಾಂತದ ಧ್ರುವಗಳ ನಡುವಣ ಕಿರಿದಾದ ಸಂದಿಯಲ್ಲಿ ತಂತಿಯ ಸುರುಳಿಯೊಂದಿರುತ್ತದೆ. ಅದಕ್ಕೆ ಕಾಗದದ ಇಲ್ಲವೆ ಪ್ಲಾಸ್ಟಿಕ್ಕಿನ ಶಂಕುವೊಂದು ಅಂಟಿಕೊಂಡಿದೆ. ಸುರುಳಿಯಲ್ಲಿ ವಿದ್ಯುತ್ಪ್ರವಾಹವು ದಿಕ್ಕು ಬದಲಿಸಿದಂತೆಲ್ಲ ಶಂಕು ಹಿಂದುಮುಂದಕ್ಕೆ ಅಲುಗಿ ಗಾಳಿಯಲ್ಲಿ ಕಂಪನಗಳನ್ನು ಎಬ್ಬಿಸುತ್ತದೆ. ಅಮೆರಿಕದ ಎಂಜಿನಿಯರುಗಳಾದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ೧೯೨೫ರಲ್ಲಿ ವಿವರಿಸಿದ ಈ ರಚನೆಯ ತಿರುಳು ಇಂದಿಗೂ ಬದಲಾಗಿಲ್ಲ. ಆದರೆ ಶಂಕು ಭಾರ, ಗಾಳಿ ಹಗುರ. ಆದುದರಿಂದ ಒಳಹೊಕ್ಕ ವಿದ್ಯುಚ್ಛಕ್ತಿಯಲ್ಲಿ ಶಬ್ದವಾಗಿ ಹೊರಬರುವುದು ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲು. ಅನೇಕ ವೇಳೆ ಅದೂ ಇಲ್ಲ. ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ಹೀಗಿರುವಾಗ ಎಷ್ಟು ವಾಟ್ ಒಳಹೋಯಿತೆಂಬುದಕ್ಕಿಂತ, ಹೋದ ವಾಟಿನಿಂದ ಎಷ್ಟು ಶಬ್ದ ಹುಟ್ಟಿತೆಂಬುದೇ ಮುಖ್ಯವಲ್ಲವೆ?

ಈ ಗುಣಕ್ಕೆ ಸಂವೇದಿತೆ ಎಂದು ಹೆಸರು. ಸ್ಪೀಕರಿಗೆ ಒಂದು ವಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಶಬ್ದವನ್ನು ಅಳೆದು, ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ. ಡೆಸಿಬೆಲ್ಲಿನ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ೩ ಡೆಸಿಬೆಲ್ ಏರಬೇಕಾದರೆ ಸಾಮರ್ಥ್ಯವನ್ನು ಇಮ್ಮಡಿಸಬೇಕು. ೧೦ ಏರಲು ಹತ್ತು ಪಟ್ಟು, ೨೦ ಏರಲು ನೂರು ಪಟ್ಟು ಬೇಕು. ಕಿವಿಗೆ ಸದ್ದು ಎರಡರಷ್ಟಾದಂತೆ ತೋರುವುದು ಸುಮಾರು ೧೦ ಡೆಸಿಬೆಲ್ ಏರಿದಾಗ. ಅಂದಮೇಲೆ ೫೦ ವಾಟಿನ ರಿಸೀವರನ್ನು ಬಿಟ್ಟು ೧೦೦ ವಾಟಿನದನ್ನು ತಂದರೆ ಸದ್ದು ಎರಡರಷ್ಟಾಗುವುದಿಲ್ಲ. ತುಸು ಹೆಚ್ಚಿತೆಂದು ಅನಿಸುವುದಷ್ಟೆ.

ಹಾಗಾದರೆ ನಮಗೆ ಬೇಕಾದುದೆಷ್ಟು? ಸ್ಪೀಕರಿನ ಸಂವೇದಿತೆ ೮೮ ಡೆಸಿಬೆಲ್, ನಾವು ಕುಳಿತಿರುವುದು ೩ ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳೋಣ. ಬಯಲಿನಲ್ಲಾದರೆ ಈ ದೂರಕ್ಕೆ ಸುಮಾರು ೯.೫ ಡೆಸಿಬೆಲ್ ಕುಗ್ಗುತ್ತದೆ. ಒಂದು ವಾಟ್ ಕೊಟ್ಟರೆ ನಮ್ಮ ಕಿವಿಗೆ ೭೮ ಡೆಸಿಬೆಲ್‌ಗೂ ಮಿಗಿಲು ಉಳಿಯಿತು. ಮಾತು ೭೫ ಡೆಸಿಬೆಲ್ಲಿನಲ್ಲಿ ಕೇಳಿಸಿದರೆ ಧಾರಾಳ. ಅದಕ್ಕೆ ಅರ್ಧ ವಾಟೂ ಬೇಡ! ಸಿಡಿತದ ಸದ್ದು ಮಾತಿಗಿಂತ ೨೦ ಡೆಸಿಬೆಲ್ ಮೇಲೇರಿತೆನ್ನೋಣ. ಆ ಕ್ಷಣಕ್ಕೆ ನೂರು ಪಟ್ಟು, ಅಂದರೆ ಸುಮಾರು ೪೫ ವಾಟ್ ಬೇಕು. ಕೋಣೆಯ ಗೋಡೆಗಳು ಶಬ್ದವನ್ನು ಹಿಂದಿರುಗಿಸುವುದರಿಂದ ಇನ್ನೂ ಕಡಿಮೆ ಸಾಕು. ಆದರೆ ೮೨ ಡೆಸಿಬೆಲ್ಲಿನ ಸ್ಪೀಕರನ್ನು ತಂದೆವಾದರೆ ಅದೇ ಸದ್ದಿಗೆ ನಾಲ್ಕು ಪಟ್ಟು, ಸುಮಾರು ೧೮೦ ವಾಟ್ ತೆರಬೇಕಾಗುತ್ತದೆ.

ಇನ್ನು ಪೆಟ್ಟಿಗೆಯ ಮೇಲಣ ಅಂಕೆಗಳ ವಿಚಾರ. ಪಿ.ಎಂ.ಪಿ.ಓ. ಎಂಬ ಅಕ್ಷರಗಳೊಡನೆ ಬರುವ ಸಾವಿರಗಳು, ಉಪಕರಣವು ನಿರಂತರವಾಗಿ ಕೊಡಬಲ್ಲ ಸಾಮರ್ಥ್ಯವಲ್ಲ. ನಾವು ಕೇಳಬೇಕಾದುದು ನಿರಂತರ ಸಾಮರ್ಥ್ಯವನ್ನು. ಅದನ್ನು ಎಷ್ಟು ಸ್ಪೀಕರುಗಳು ಏಕಕಾಲದಲ್ಲಿ ನುಡಿಯುತ್ತಿರುವಾಗ ಅಳೆದರು? ಸೆಕೆಂಡಿಗೆ ೨೦ರಿಂದ ೨೦,೦೦೦ ಕಂಪನಗಳವರೆಗೆ ಅಳೆದರೋ, ೧,೦೦೦ದಲ್ಲಿ ಮಾತ್ರವೋ? ಧ್ವನಿ ಎಷ್ಟು ವಿಕೃತವಾಯಿತು? ನೂರರಲ್ಲಿ ಹತ್ತು ಪಾಲು ವಿಕೃತವಾದ ೧೦೦ ವಾಟಿಗಿಂತ, ಶುದ್ಧವಾದ ೫೦ ವಾಟ್ ಮೇಲು. ಸ್ಪೀಕರು ೪ ಓಮಿನದಾದರೆ ೮ ಓಮಿನದಕ್ಕಿಂತ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ರಿಸೀವರು ಅದನ್ನು ತಾಳಬಲ್ಲುದೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಅಜ್ಜಿಯ ಪ್ರಶ್ನೆಗೆ ಮರಳೋಣ. ಚಲನಚಿತ್ರದ ಧ್ವನಿಯನ್ನು ಸಾಮಾನ್ಯವಾಗಿ “೫.೧” ಎಂಬ ಕ್ರಮದಲ್ಲಿ ಹಂಚಿರುತ್ತಾರೆ: ಎಡ, ಬಲ, ನಡು, ಹಿಂಬದಿಯ ಎರಡು, ಮತ್ತು ಮಂದ್ರಧ್ವನಿಗೆಂದೇ ಒಂದು. ಮಾತಿನ ಬಹುಭಾಗ ಬರುವುದು ನಡುವಿನ ಸ್ಪೀಕರಿನಿಂದ. ತೆಳ್ಳನೆಯ ಟೆಲಿವಿಷನ್ನಿನಲ್ಲಿ ಇವೆಲ್ಲವೂ ಪುಟ್ಟ ಸ್ಪೀಕರುಗಳೆರಡಕ್ಕೆ ನುಗ್ಗಿ, ಮಾತು ಗದ್ದಲದಲ್ಲಿ ಮುಳುಗುತ್ತದೆ. ನಡುವಿಗೆ ಬೇರೆಯೇ ಸ್ಪೀಕರು ಇದ್ದರೆ, ರಿಸೀವರಿನಲ್ಲಿ ಅದೊಂದನ್ನು ಮಾತ್ರ ಕೆಲವು ಡೆಸಿಬೆಲ್ ಏರಿಸಬಹುದು. ಅಜ್ಜಿಗೆ ಮಾತು ಕೇಳಿಸುತ್ತದೆ, ಮಗುವೂ ಏಳುವುದಿಲ್ಲ.

ಆದುದರಿಂದ ಹಣ ಕಡಿಮೆಯಿದ್ದಾಗ ಅಗ್ಗದ ಆರನ್ನು ಒಟ್ಟಿಗೆ ಕೊಳ್ಳುವುದಕ್ಕಿಂತ, ಐದು ಸ್ಪೀಕರುಗಳನ್ನು ನಡೆಸಬಲ್ಲ ಸಾಧಾರಣ ರಿಸೀವರೊಂದನ್ನೂ ಮುಂದಿನ ಮೂರು ಒಳ್ಳೆಯ ಸ್ಪೀಕರುಗಳನ್ನೂ ಕೊಂಡು, ಉಳಿದವನ್ನು ಕಾಲಕ್ರಮದಲ್ಲಿ ಸೇರಿಸುವುದು ಜಾಣತನ. ಹಣದ ದೊಡ್ಡ ಪಾಲು ಸ್ಪೀಕರುಗಳಿಗೇ ಸಲ್ಲಲಿ. ಚಿತ್ರ ಮತ್ತು ಧ್ವನಿಗಳ ಸಂಕೇತಕ್ರಮಗಳು ಬದಲಾದಂತೆ ರಿಸೀವರು ಹಳತಾಗುತ್ತದೆ. ಸ್ಪೀಕರು ದಶಕಗಳ ಕಾಲ ಬಾಳುತ್ತದೆ. ಬಳಸಿದ ಸ್ಪೀಕರನ್ನು ಕೊಳ್ಳುವುದೂ ತಪ್ಪಲ್ಲ. ಶಂಕುವಿನ ಸುತ್ತಣ ಅಂಚು ಹರಿದಿಲ್ಲವೆಂಬುದನ್ನು ನೋಡಿಕೊಂಡರಾಯಿತು. ತಂತಿಗಾಗಿ ದುಬಾರಿ ಹಣ ತೆರುವುದು ಬೇಡ. ೧.೫ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ೫ ಮೀಟರ್ ದೂರ ಎಳೆದರೆ, ಹೋಗಿಬರುವ ತಡೆಯೆಲ್ಲ ಸೇರಿ ಸುಮಾರು ೦.೧೨ ಓಮ್, ೮ ಓಮಿನ ಮುಂದೆ ಅದು ಅಲ್ಪವೇ ಸರಿ.

ಕೊನೆಯದಾಗಿ, ಬೆಲೆಯಿಲ್ಲದೆ ದೊರೆಯುವ ಉಪಕರಣ ಕೋಣೆಯೇ. ಸಾಮಾನು ಸೇರದ ಹೊಸ ಮನೆಯಲ್ಲಿ ಮಾತು ಮೊಳಗುವುದನ್ನೂ, ಸಾಮಾನು ತುಂಬಿದ ಮೇಲೆ ಮೊಳಗು ಅಡಗುವುದನ್ನೂ ನಾವೆಲ್ಲ ಬಲ್ಲೆವು. ಕಲ್ಲುನೆಲದ ಮೇಲೊಂದು ಜಮಖಾನ, ಕಿಟಕಿಗೆ ದಪ್ಪನೆಯ ಪರದೆ, ಇವು ಮಾತನ್ನು ತಿಳಿಯಾಗಿಸುತ್ತವೆ. ಮಂದ್ರಧ್ವನಿಯ ಪಾಡು ಬೇರೆ. ಸೆಕೆಂಡಿಗೆ ೪೦ ಕಂಪನಗಳ ಧ್ವನಿಯ ತರಂಗದ ಉದ್ದ ಸುಮಾರು ೮.೬ ಮೀಟರ್, ೪.೩ ಮೀಟರ್ ಉದ್ದದ ಕೋಣೆಯಲ್ಲಿ ಅದರ ಅರ್ಧ ಸರಿಯಾಗಿ ಕೂರುತ್ತದೆ. ಆಗ ಗೋಡೆಯ ಬಳಿ ಆ ಧ್ವನಿ ಗುಮ್ಮೆನ್ನುತ್ತದೆ, ನಡುಮಧ್ಯದಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಮಂದ್ರದ ಸ್ಪೀಕರನ್ನು ಎಲ್ಲಿಡಬೇಕೆಂದು ತಿಳಿಯಲು ಸುಲಭವಾದ ಪ್ರಯೋಗವೊಂದುಂಟು. ನಾವು ಕೂರುವ ಜಾಗದಲ್ಲಿ ಅದನ್ನಿಟ್ಟು ನುಡಿಸಿ, ಗೋಡೆಯ ಬದಿಯಲ್ಲಿ ಬಗ್ಗಿ ನಡೆಯುತ್ತ ಕಿವಿಗೊಡಬೇಕು. ಎಲ್ಲಿ ಧ್ವನಿ ಸಮವಾಗಿ ಕೇಳಿಸುವುದೋ ಅಲ್ಲಿಯೇ ಅದರ ನೆಲೆ. ಧ್ವನಿಯ ಮೂಲವೂ ಕೇಳುಗನೂ ಸ್ಥಳ ಬದಲಿಸಿಕೊಂಡರೆ ಫಲ ಬದಲಾಗದೆಂಬುದು ಶಬ್ದಶಾಸ್ತ್ರದ ನಿಯಮ.

ಅಂಗಡಿಗೆ ಹೋಗುವಾಗ ಹಣದ ಜೊತೆಗೆ ಕೋಣೆಯ ಅಳತೆಯನ್ನೂ, ಚೆನ್ನಾಗಿ ಪರಿಚಯವಿರುವ ಒಂದು ಹಾಡನ್ನೂ ಒಯ್ಯೋಣ. ಅಂಕೆಗಳನ್ನು ಪ್ರಶ್ನಿಸಿದ ಮೇಲೆ ತೀರ್ಪನ್ನು ಕಿವಿಗೇ ಬಿಡೋಣ.