ಎರವೂ ನೆಂಟಸ್ತಿಕೆಯೂ

ಕನ್ನಡದಲ್ಲಿ ‘ಎರವು’ ಎಂದರೆ ಬಳಸಿ ಹಿಂದಿರುಗಿಸುವ ಮಾತಿನ ಮೇಲೆ ಪಡೆದ ವಸ್ತು. ‘ಎರವಾಗು’ ಎಂದರೆ ಕಳೆದುಕೊಳ್ಳು, ಹೊರತಾಗು; ನೆಮ್ಮದಿಗೆ ಎರವಾದ, ಪ್ರಾಣಕ್ಕೆ ಎರವಾದ ಎನ್ನುತ್ತೇವೆ. ಈ ಎರಡು ಅರ್ಥಗಳ ನಡುವಿನ ದೂರ ಎಷ್ಟು ಕಡಿಮೆಯೆಂಬುದನ್ನು, ಬೆಲೆಬಾಳುವ ಯಂತ್ರವೊಂದನ್ನು ನೆಂಟರಿಗೆ ಎರವು ಕೊಟ್ಟವರು ಬಲ್ಲರು. ಕೊಟ್ಟರೆ ಯಂತ್ರಕ್ಕೆ ಎರವಾಗುವ ಭಯ, ಕೊಡದಿದ್ದರೆ ನೆಂಟಸ್ತಿಕೆಗೆ ಎರವಾಗುವ ಭಯ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಯಾವುದೆಂಬುದು ಇಲ್ಲಿನ ವಿಚಾರ.

ಎರವು ನಮ್ಮ ಒಕ್ಕಲು ಬಾಳಿಗೆ ಹೊಸದಲ್ಲ. ನೇಗಿಲು, ಕುಂಟೆ, ಮದುವೆಯ ಮನೆಗೆ ಬೇಕಾದ ಹಂಡೆ ಕೊಪ್ಪರಿಗೆಗಳು ಮನೆಯಿಂದ ಮನೆಗೆ ಸಂಚರಿಸುತ್ತಿದ್ದವು. ನೇಗಿಲು ಮುರಿದರೆ ಊರ ಬಡಗಿ ಸರಿಪಡಿಸುತ್ತಿದ್ದ. ಸುಗ್ಗಿಯಲ್ಲಿ ಕಣದ ಕಾಳೇ ಅವನ ಸಂಬಳ. ದುಡಿಮೆಯ ಕೊಡುಕೊಳೆಗೆ ಮುಯ್ಯಾಳಿನ ಪದ್ಧತಿಯಿತ್ತು: ಇಂದು ನೀನು ನನ್ನ ನಾಟಿಗೆ, ನಾಳೆ ನಾನು ನಿನ್ನ ನಾಟಿಗೆ. ಎರಡು ಕಡೆಯವರಲ್ಲಿಯೂ ಕೊಡಲು ಸಮನಾದುದೊಂದು ಇದ್ದುದರಿಂದ ಆ ವ್ಯವಹಾರ ನಿಂತಿತ್ತು.

ಟ್ರ್ಯಾಕ್ಟರು ಬಂದ ಮೇಲೆ ಈ ಸಮತೂಕ ತಪ್ಪಿತು. ನಂಜನಗೂಡು, ತಿರುಮಕೂಡಲು ನರಸೀಪುರಗಳ ನಾಲೆಯ ಬಯಲನ್ನೇ ನೋಡೋಣ. ನಾಲೆಗೆ ನೀರು ಬಿಟ್ಟೊಡನೆ ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಗದ್ದೆ ಉಳಬೇಕು. ಅಣ್ಣತಮ್ಮಂದಿರ ಮೂರು ಮನೆಗಳಲ್ಲಿ ಟ್ರ್ಯಾಕ್ಟರಿರುವುದು ಒಂದರಲ್ಲಿ; ಅದೂ ಬ್ಯಾಂಕಿನ ಸಾಲದ್ದು. ಯಂತ್ರ ಯಾರ ಗದ್ದೆಯಲ್ಲಿ ಓಡಿದರೂ ಕಂತು ಕಟ್ಟುವವನು ಒಬ್ಬನೇ. ಅದರ ಸವೆತವೂ ಕಣ್ಣಿಗೆ ಕಾಣದು. ಎಣ್ಣೆ ಕಡಿಮೆಯಾದ ಎಂಜಿನನ್ನು ಓಡಿಸಿದವನು ನಗುನಗುತ್ತಲೇ ತಂದು ನಿಲ್ಲಿಸಿ ಹೋಗುತ್ತಾನೆ. ಕೇಡು ಹೊರಬೀಳುವುದು ತಿಂಗಳ ಮೇಲೆ, ಯಜಮಾನನ ಕೈಯಲ್ಲಿ. ಆಗ ತಪ್ಪು ಯಾರದೆಂದು ಹೇಳುವವರಾರು? ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಇಂಥ ಹೊತ್ತಿನಲ್ಲಿಯೇ ಹುಟ್ಟಿರಬೇಕು.

ಕಾಯಿದೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ಎರವು ಪಡೆದವನು ಆ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬ ತನ್ನ ಸ್ವಂತದ್ದನ್ನು ಕಾಪಾಡುವಂತೆ ಕಾಪಾಡಬೇಕು. ಅಷ್ಟು ಎಚ್ಚರ ವಹಿಸಿಯೂ ವಸ್ತು ಕೆಟ್ಟರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅವನು ಹೊಣೆಯಲ್ಲ, ನಷ್ಟ ಕೊಟ್ಟವನದೇ. ತನಗೆ ಗೊತ್ತಿರುವ ಅಪಾಯಕರ ದೋಷವನ್ನು ಮೊದಲೇ ತಿಳಿಸದಿದ್ದರೆ ಅದರಿಂದಾದ ಹಾನಿಗೂ ಕೊಟ್ಟವನೇ ಹೊಣೆ. 1988ರ ಮೋಟಾರು ವಾಹನ ಕಾಯಿದೆ ಇನ್ನೂ ಕಠಿಣ. ಲೈಸೆನ್ಸಿಲ್ಲದವನ ಕೈಗೆ ವಾಹನ ಕೊಟ್ಟ ಮಾಲೀಕನಿಗೆ, 2019ರ ತಿದ್ದುಪಡಿಯ ತರುವಾಯ, 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಉಂಟು. ಅಕ್ಕನ ಮಗನಿಗೆ ಬೀಗದ ಕೈ ಕೊಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ.

ಆದ್ದರಿಂದ ಯಂತ್ರವನ್ನು ಎರವು ಕೊಡದಿರುವುದು ಜಿಪುಣತನವೆನಿಸದು. ಆದರೆ ಎರಡು ಮಾತು. ಒಟ್ಟು ಕುಟುಂಬದ ಹಣದಿಂದ ಕೊಂಡ ಯಂತ್ರವಾದರೆ ತಮ್ಮ ಕೇಳುತ್ತಿರುವುದು ಎರವಲ್ಲ, ಪಾಲು. ಅಲ್ಲಿ ‘ಕೊಡೆ’ ಎನ್ನುವ ಹಕ್ಕು ಅಣ್ಣನಿಗಿಲ್ಲ. ಎರಡನೆಯದಾಗಿ, ನಾಟಿಯ ಹದ ಯಾರಿಗೂ ಕಾಯುವುದಿಲ್ಲ. ಬರಿಗೈಯಲ್ಲಿ ಹಿಂದಿರುಗಿದ ಬಡ ನೆಂಟ ಒಂದು ಬೆಳೆಯನ್ನೇ ಕಳೆದುಕೊಳ್ಳಬಹುದು. ಇಲ್ಲವೆನ್ನುವವನು ಅವನಿಗೆ ಇನ್ನೊಂದು ದಾರಿಯನ್ನೂ ತೋರಿಸಬೇಕು.

ಆ ದಾರಿ ನಮ್ಮ ರೈತರಿಗೆ ತಿಳಿಯದ್ದೇನಲ್ಲ. “ಭಾವ, ಬರೀ ಗಾಡಿ ಕಳಿಸೋ ವಾಡಿಕೆ ಇಟ್ಕೊಂಡಿಲ್ಲ. ಗುರುವಾರ ನಾನೇ ಬಂದು ಉತ್ತುಕೊಡ್ತೀನಿ, ಡೀಸೆಲ್ ನೀವು ಹಾಕಿಸಿ” ಎಂದರೆ ಯಂತ್ರವೂ ಉಳಿಯಿತು, ಬೆಳೆಯೂ ಉಳಿಯಿತು. ಇದಕ್ಕೆ ಬದಲಾಗಿ ‘ಗಾಡಿ ಕೆಟ್ಟಿದೆ’ ಎಂದು ಸುಳ್ಳಾಡಿದರೆ, ಮರುದಿನ ಅದೇ ಗಾಡಿ ಗದ್ದೆಗಿಳಿದಾಗ ನೆಂಟನ ಮುಖ ನೋಡುವುದು ಹೇಗೆ? ತನಗೆ ಬಿಡುವಿಲ್ಲದಿದ್ದರೆ ಬಾಡಿಗೆಯ ದಾರಿ ಉಂಟು. ರಾಜ್ಯ ಸರ್ಕಾರ 2014–15ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ ಯೋಜನೆ, ಯಂತ್ರ ಕೊಳ್ಳಲಾರದ ರೈತರಿಗೆ ಹೋಬಳಿ ಮಟ್ಟದಲ್ಲಿಯೇ ಅದು ಬಾಡಿಗೆಗೆ ದೊರೆಯಲೆಂದು ರೂಪುಗೊಂಡದ್ದು. ಅಲ್ಲಿನ ಬಾಡಿಗೆಯಲ್ಲಿ ಒಂದು ಭಾಗವನ್ನು ತಾನು ಕೊಡುವುದು ಕೂಡ ನೆಂಟಸ್ತಿಕೆಯೇ. ಪಟ್ಟಣದ ಮನೆಗಳಲ್ಲಿ ಟ್ರ್ಯಾಕ್ಟರಿನ ಜಾಗದಲ್ಲಿ ಕಾರೋ ಕ್ಯಾಮೆರಾವೋ ಇದ್ದೀತು, ಲೆಕ್ಕ ಅದೇ.

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ, ಲಕ್ಷ್ಮೀಕಾಂತಸ್ವಾಮಿಯ ದೇವಾಲಯಕ್ಕೆ ಹೋದವರಿಗೆ ‘ಹದಿನಾರು ಮುಖದ ಚಾವಡಿ’ಯನ್ನು ತೋರಿಸುತ್ತಾರೆ. ಹದಿನಾರು ಮಂದಿ ಅಳಿಯಂದಿರಿದ್ದ ನಾಯಕನೊಬ್ಬ, ಯಾರ ಆಸನ ಮೇಲು ಯಾರದು ಕೀಳು ಎಂಬ ಜಗಳ ಬಾರದಿರಲೆಂದು ಅದನ್ನು ಕಟ್ಟಿಸಿದನೆಂದು ಊರಿನವರ ಕಥೆ. ಇತಿಹಾಸ ಏನೇ ಇರಲಿ, ಅದು ನೆಂಟರ ಮನಸ್ಸನ್ನು ಬಲ್ಲವರು ಹೇಳಿದ ಕಥೆ. ಯಂತ್ರ ಸಿಗಲಿಲ್ಲವೆಂಬ ನೋವನ್ನು ನೆಂಟ ಮರೆತಾನು. ತನಗಿಲ್ಲವೆಂದದ್ದು ಇನ್ನೊಬ್ಬನಿಗೆ ಸಿಕ್ಕಿತೆಂಬುದನ್ನು ಮರೆಯಲಾರ. ತಮ್ಮನಿಗೆ ಇಲ್ಲವೆಂದು ಬಾಮೈದನಿಗೆ ಕೊಟ್ಟ ದಿನ ಮನೆ ಒಡೆಯುತ್ತದೆ. ಕೊಡದಿರುವ ನಿಯಮ ಎಲ್ಲರಿಗೂ ಒಂದೇ ಆಗಿರಲಿ. ಯಾರೂ ಬಂದು ಕೇಳುವ ಮೊದಲೇ ಅದು ಎಲ್ಲರಿಗೂ ತಿಳಿದಿರಲಿ.