ತಪ್ಪು ಯಾರದೆಂದು ಕೇಳುವ ಮುನ್ನ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಬರದ ಸೀಮೆ. ಮಳೆ ಕೈಕೊಟ್ಟರೆ ಸೋನ್ಯಾಳದಂಥ ಕನ್ನಡದ ಊರುಗಳಿಂದ ಜನ ಕಬ್ಬು ಕಡಿಯಲು ಹೊರಡುತ್ತಾರೆ. ಈ ಅಲೆದಾಟದಲ್ಲಿ ಕ್ಷಯರೋಗದ ಮಾತ್ರೆ ನಡುವೆಯೇ ನಿಂತುಹೋಗುವುದುಂಟು. ಅರ್ಧಕ್ಕೆ ಬಿಟ್ಟರೆ ದುರ್ಬಲ ರೋಗಾಣುಗಳು ಸತ್ತು, ಮದ್ದಿಗೆ ಮಣಿಯದವು ಉಳಿದು ಬೆಳೆಯುತ್ತವೆ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಮದ್ದುಗಳಿಗೂ ಬಗ್ಗದ ಕ್ಷಯವೇ ಎಂ.ಡಿ.ಆರ್. ಟಿ.ಬಿ.

ಅಂಥ ರೋಗಿಯನ್ನು ಕಂಡೊಡನೆ ನಾವು ಹೇಳುವುದೇನು? "ಮಾತ್ರೆ ಸರಿಯಾಗಿ ನುಂಗಲಿಲ್ಲ, ಈಗ ಅನುಭವಿಸುತ್ತಿದ್ದಾನೆ." ಈ ತೀರ್ಪು ನ್ಯಾಯವೇ?

2014ರಿಂದ 2016ರವರೆಗೆ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ರೋಗಿಗಳ ಕಫವನ್ನು ಪರೀಕ್ಷಿಸಿತು. ಹಿಂದೆ ಚಿಕಿತ್ಸೆ ಪಡೆದಿದ್ದವರಲ್ಲಿ ಶೇಕಡಾ 11.60 ಮಂದಿಗೆ ಎಂ.ಡಿ.ಆರ್. ಇತ್ತು. ಹೊಸ ರೋಗಿಗಳಲ್ಲೂ ಶೇಕಡಾ 2.84 ಮಂದಿಗೆ ಇತ್ತು. ಈ ಹೊಸಬರು ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರಲ್ಲ. ಮದ್ದಿಗೆ ಮಣಿಯದ ರೋಗಾಣುವೇ ಇನ್ನೊಬ್ಬರ ಕೆಮ್ಮಿನಿಂದ ಗಾಳಿಯ ಮೂಲಕ ಅವರನ್ನು ಸೇರಿತ್ತು.

ಈ ದಾರಿಯನ್ನು ತೋರಿಸಿಕೊಡುವುದು ರೋಗಾಣುವಿನ ವಂಶವಾಹಿ ಬರಹ. ಅದರಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. ಅದನ್ನು ಮೊದಲ ಬಾರಿಗೆ ಪೂರ್ತಿ ಓದಿದ್ದು 1998ರಲ್ಲಿ. ಇಬ್ಬರು ರೋಗಿಗಳ ರೋಗಾಣುಗಳ ಬರಹ ಬಹುತೇಕ ಒಂದೇ ಆಗಿದ್ದರೆ, ಸೋಂಕು ಇತ್ತೀಚೆಗೆ ಒಬ್ಬರಿಂದ ಒಬ್ಬರಿಗೆ ದಾಟಿರಬಹುದೆಂದು ತಿಳಿಯುತ್ತದೆ. ಇದು ತಪ್ಪಿತಸ್ಥನನ್ನು ಹಿಡಿಯಲಿಕ್ಕಲ್ಲ, ಮುಂದಿನವರನ್ನು ಉಳಿಸಲಿಕ್ಕೆ. ಸಿಬಿನಾಟ್ ಯಂತ್ರವೂ ಈ ಬರಹದ ಒಂದು ತುಣುಕನ್ನು ನೋಡಿ, ರಿಫಾಂಪಿಸಿನ್ ಫಲಿಸುವುದೋ ಇಲ್ಲವೋ ಎಂದು ಸುಮಾರು ಎರಡು ಗಂಟೆಗಳಲ್ಲಿ ಹೇಳುತ್ತದೆ.

ಯೊವಾನ್ನರ ಶುಭಸಂದೇಶದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಯಾರದೆಂದು ಕೇಳುತ್ತಾರೆ. ಪ್ರಭುಯೇಸು ಆ ಲೆಕ್ಕಕ್ಕೆ ಹೋಗದೆ ಅವನ ಕಣ್ಣು ತೆರೆಯುತ್ತಾರೆ. ನಮ್ಮ ದಾರಿಯೂ ಅದೇ ಆಗಬೇಡವೇ?

ಎರಡು ವಾರ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸೋಣ. ಪರೀಕ್ಷೆಯೂ ಔಷಧಿಯೂ ಉಚಿತ. ಒಬ್ಬರಿಗೆ ರೋಗ ಕಂಡುಬಂದರೆ ಮನೆಯವರೆಲ್ಲರೂ ತಪಾಸಣೆಗೆ ಹೋಗೋಣ. ದುಡಿಯಲು ಪರಸ್ಥಳಕ್ಕೆ ಹೊರಡುವವರು ಮೊದಲೇ ಆಸ್ಪತ್ರೆಗೆ ತಿಳಿಸಿದರೆ, ಚಿಕಿತ್ಸೆಯನ್ನು ಆ ಊರಿಗೆ ವರ್ಗಾಯಿಸುತ್ತಾರೆ. ನೆರೆಮನೆಯಲ್ಲಿ ಕೆಮ್ಮು ಕೇಳಿಸಿದರೆ ಬಾಗಿಲು ಮುಚ್ಚಿಕೊಳ್ಳದೆ, ಆಸ್ಪತ್ರೆಯವರೆಗೆ ಅವರ ಜೊತೆ ನಡೆಯೋಣ.